ಕೋಡಿಯ ಮೇಲಿನ ಕಲ್ಲು

ಅರೆಕೆರೆಯ ಹಿಂಬದಿಯಲ್ಲಿ, ಅಪಾರ್ಟ್‌ಮೆಂಟುಗಳ ನಡುವೆ, ನಮ್ಮಪ್ಪ ಕಟ್ಟಿಸಿದ ಒಂದು ಮಣ್ಣಿನ ಕಟ್ಟೆ ಇದೆ. ಸುತ್ತಲಿನವರು ಅದನ್ನು ಸರ್ಕಾರಿ ಕೆರೆ ಅಂದುಕೊಂಡು, ಬೆಳಿಗ್ಗೆ ವಾಕಿಂಗ್‌ಗೆ ಬಂದು, ಬೆಂಚು ಯಾಕೆ ಹಾಕಿಸಿಲ್ಲ ಎಂದು ನನ್ನ ಅಕ್ಕನನ್ನೇ ಕೇಳುತ್ತಾರೆ. ಅಕ್ಕ ನಯವಾಗಿ ಉತ್ತರ ಕೊಡುವವಳಲ್ಲ. ಆ ನೀರಿನಲ್ಲಿ ಅವಳು ಸೊಪ್ಪು ಬೆಳೆದು ಸಾರಕ್ಕಿ ಮಾರ್ಕೆಟ್ಟಿಗೆ ಕಳಿಸುತ್ತಾಳೆ. ಬೋರ್‌ವೆಲ್ ಬತ್ತಿ ಎಷ್ಟೋ ಕಾಲವಾಯಿತು. ಕಟ್ಟೆಯಲ್ಲಿ ನೀರಿರುವ ತನಕ ಆ ಜಾಗ ತೋಟ, ಇಲ್ಲದಿದ್ದರೆ ಬರೀ ಸೈಟು. ಬ್ರೋಕರುಗಳಿಗೂ ಅದು ಚೆನ್ನಾಗಿ ಗೊತ್ತು.

ಅದಕ್ಕೇ ಅವಳು ಪ್ರತಿ ಮಳೆಗಾಲ ಕೋಡಿಗೆ ಮರಳಿನ ಮೂಟೆ ಪೇರಿಸುತ್ತಿದ್ದಳು. ಕಟ್ಟೆ ತುಂಬಿದ ಮೇಲೆ ಹೆಚ್ಚಾದ ನೀರು ಪಕ್ಕದ ಕಾಲುವೆಗೆ ಹರಿದುಹೋಗಲೆಂದು ಏರಿಯ ತುದಿಯಲ್ಲಿ ಬಿಟ್ಟ ತಗ್ಗೇ ಕೋಡಿ. ಅದನ್ನು ಎತ್ತರಿಸಿದರೆ ಇನ್ನಷ್ಟು ನೀರು ನಿಲ್ಲುತ್ತದೆ, ಬೇಸಿಗೆಯಲ್ಲೂ ಸೊಪ್ಪು ಬರುತ್ತದೆ. ಆದರೆ ಏರಿಯ ಕೆಳಗೇ ಅವಳು ಬಾಡಿಗೆಗೆ ಕೊಟ್ಟ ಮೂರು ಶೀಟಿನ ಕೋಣೆಗಳಿದ್ದವು. ಜಯನಗರದಿಂದ ನಾನು ಹೋದಾಗಲೆಲ್ಲ ಅದನ್ನು ನೆನಪಿಸುತ್ತಿದ್ದೆ. “ಅಪ್ಪ ಇದ್ದಿದ್ರೆ ಹೀಗೆ ಮಾಡ್ತಿರ್ಲಿಲ್ಲ” ಎಂದು ಕೊನೆಯಲ್ಲಿ ಸೇರಿಸುತ್ತಿದ್ದೆ. ಅಕ್ಕ ತಲೆಯೆತ್ತದೆ ಕಳೆ ಕೀಳುತ್ತಿದ್ದಳು.

ಹೋದ ವರ್ಷ ಮಳೆ ಹಗಲು ರಾತ್ರಿ ಎನ್ನದೆ ಹೊಡೆಯಿತು. ಅಕ್ಕ ಫೋನ್ ಎತ್ತಲಿಲ್ಲ. ಮಧ್ಯಾಹ್ನ ಆಟೋದವನನ್ನು ಗೋಗರೆದು ಹೊರಟೆ. ನಾನು ಹೋದಾಗ ನೀರು ಏರಿಯ ನೆತ್ತಿಗೆ ಒಂದು ಮೊಳವಷ್ಟೇ ಬಾಕಿ ಇತ್ತು. ಮೊದಲು ಏರಿಯ ಬುಡಕ್ಕೆ ಇಳಿದೆ. ಚಿಕ್ಕಂದಿನಲ್ಲಿ ಅಪ್ಪ ಹೇಳಿಕೊಟ್ಟಿದ್ದ: ಅಲ್ಲಿ ತಿಳಿನೀರು ಜಿನುಗಿದರೆ ಹೆದರಬೇಡ, ಕೆಂಪಾದರೆ ಏರಿಯ ಹೊಟ್ಟೆಯ ಮಣ್ಣೇ ಕರಗಿ ಬರುತ್ತಿದೆ ಅಂತ. ಹುಲ್ಲಿನ ನಡುವೆ ಹೆಬ್ಬೆರಳು ಗಾತ್ರದ ಧಾರೆ ಕೆಂಪಗೆ ಹರಿಯುತ್ತಿತ್ತು. ಶೀಟಿನ ಕೋಣೆಗಳಿಗೆ ಓಡಿ ಬಾಗಿಲು ಬಡಿದೆ.

ಆ ಕೋಣೆಗಳಲ್ಲಿ ಯಾದಗಿರಿ ಕಡೆಯ ಮೂವರು ಗಂಡಸರು ಇದ್ದರು. ಬಿಟಿಎಂ ಲೇಔಟಿನಲ್ಲಿ ರಾತ್ರಿ ಕಾವಲು, ಹಗಲು ನಿದ್ದೆ. ಎರಡು ಬಾಗಿಲು ಬೇಗ ತೆರೆದವು.

“ಏನಾತ್ರೀ ಅಮ್ಮಾರ? ಈಗರ ಕಣ್ಣ ಹತ್ತಿತ್ತು” ಎಂದ ಒಬ್ಬ.

“ಏರಿ ಒಡೀಬಹುದು! ರೋಡಿಗೆ ಹೋಗಿ, ಮೊದಲು ಮೇಲೆ ಹೋಗಿ!”

ಮೂರನೆಯ ಬಾಗಿಲು ತೆರೆಯಲಿಲ್ಲ. “ಒಳಗ ಅದಾನ್ರೀ, ಬೂಟ್ ಇಲ್ಲೇ ಅದಾವ” ಎನ್ನುತ್ತ ಇಬ್ಬರೂ ಆ ಕಬ್ಬಿಣದ ಬಾಗಿಲನ್ನು ಗುದ್ದತೊಡಗಿದರು. ಓಡಿ ಎಂದರೂ ಅವನನ್ನು ಬಿಟ್ಟು ಕದಲಲಿಲ್ಲ. ನಾನು ಜಾರುತ್ತ ಏಳುತ್ತ ಕೋಡಿಯ ಕಡೆ ಓಡಿದೆ.

ಅಕ್ಕ ಅಲ್ಲೇ ನೆನೆಯುತ್ತ ನಿಂತಿದ್ದಳು. “ತೂಬು ಎತ್ತಿದೀನಿ, ಹೂಳು ಕಟ್ಕೊಂಡಿದೆ, ನೀರು ಹೋಗ್ತಿಲ್ಲ” ಎಂದಳು.

“ಮೂಟೆ ತೆಗಿ.”

“ತೆಗೆದ್ರೆ ಬೇಸಿಗೇಲಿ ನಾನೇನು ಮಾಡ್ಲಿ? ಸೊಲ್ಪ ತಡಿ, ಮಳೆ ಕಮ್ಮಿ ಆಗತ್ತೆ.”

“ಬುಡದಲ್ಲಿ ಕೆಂಪು ನೀರು ಬರ್ತಿದೆ ಕಣೇ! ಒಬ್ಬ ಇನ್ನೂ ಒಳಗಡೆ ಮಲಗಿದಾನೆ!”

ಅವಳು ನನ್ನ ಮುಖ ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದಳು. ಇಬ್ಬರೂ ಮೂಟೆ ಎಳೆದು ಎಳೆದು ಪಕ್ಕಕ್ಕೆ ಹಾಕಿದೆವು. ನಾನಂತೂ ಬೈಯುತ್ತಲೇ ಇದ್ದೆ: ಆಸೆಬುರುಕಿ, ಅಪ್ಪನ ಹೆಸರು ಕೆಡಿಸಿದವಳು, ಬಾಯಿಗೆ ಬಂದದ್ದೆಲ್ಲ. ಕೊನೆಯ ಮೂಟೆ ಹೋದರೂ ನೀರು ತೆಳ್ಳಗೆ ಹರಿಯಿತೇ ಹೊರತು ಕಟ್ಟೆಯ ಮಟ್ಟ ಇಳಿಯುವ ಲಕ್ಷಣವಿರಲಿಲ್ಲ.

“ಕೆಳಗೆ ಇನ್ನೂ ಇದೆ. ಹಾರೆ ತಗೊಂಬಾ” ಎಂದಳು ಅಕ್ಕ.

ಕೈ ಹಾಕಿ ನೋಡಿದೆ. ಮೂಟೆಗಳಿದ್ದ ಜಾಗದ ಅಡಿಯಲ್ಲಿ, ಕೋಡಿಯ ಉದ್ದಕ್ಕೂ, ಗಾರೆ ಹಾಕಿ ಕೂರಿಸಿದ ಎರಡು ಸಾಲು ಸೈಜುಗಲ್ಲು.

“ಯಾರು ಕಟ್ಟಿದ್ದು ಇದನ್ನ?”

“ಇನ್ಯಾರು? ಅಪ್ಪಾನೇ. ನೀನು ಮದುವೆಯಾಗಿ ಹೋದ ವರ್ಷ. ನಾನೇ ಗಾರೆ ಕಲಸಿಕೊಟ್ಟೆ.”

“ಮತ್ತೆ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ಯಲ್ಲ?”

“ಹೇಳಿದ್ರೆ ನಂಬ್ತಿದ್ಯಾ?”

ನಂಬುತ್ತಿರಲಿಲ್ಲ. ಕೆಳಗಿನಿಂದ ಬಾಗಿಲು ಗುದ್ದುವ ಸದ್ದು ಕೇಳುತ್ತಲೇ ಇತ್ತು. ಅಪ್ಪನ ಮೇಲೆ ಬಂದ ಸಿಟ್ಟನ್ನೆಲ್ಲ ಹಾರೆಗೆ ಹಾಕಿ ಮೀಟಿದೆ. ಮೊದಲ ಕಲ್ಲು ಕದಲಲು ತುಂಬ ಸತಾಯಿಸಿತು. ಅದು ಉರುಳಿದ್ದೇ ಉಳಿದವು ಸಡಿಲವಾದವು, ನೀರು ಭೋರೆಂದು ಕಾಲುವೆಗೆ ನುಗ್ಗಿತು. ಅಕ್ಕ ನನ್ನ ರಟ್ಟೆ ಹಿಡಿದು ಎಳೆಯದಿದ್ದರೆ ನಾನೂ ಹೋಗುತ್ತಿದ್ದೆ.

ಕಟ್ಟೆಯ ನೀರು ಇಳಿಯತೊಡಗಿದ ಎಷ್ಟೋ ಹೊತ್ತಿನ ಮೇಲೆ ಮೂರನೆಯ ಬಾಗಿಲು ತೆರೆಯಿತು. ಅವನು ಕಿವಿಯಿಂದ ಇಯರ್‌ಫೋನ್ ತೆಗೆದು, ಮೈಮುರಿದು, “ಮಳಿ ನಿಂತೈತೇನ್ರೀ?” ಎಂದ. ಗೆಳೆಯರಿಬ್ಬರೂ ಅವನಿಗೆ ಬಾರಿಸಿ ಆಮೇಲೆ ತಬ್ಬಿಕೊಂಡರು. ನನಗೆ ಅಳು ಬಂತು. ಸಂಜೆಯ ಹೊತ್ತಿಗೆ ಏರಿಯ ಬುಡದ ಧಾರೆ ಸಣ್ಣದಾಗಿ ತಿಳಿಯಾಯಿತು.

“ಅಷ್ಟೂ ನೀರು ಹೋಯ್ತಲ್ಲೇ” ಎಂದಳು ಅಕ್ಕ.

ಆ ಸೋರಿಕೆಯನ್ನು ಅಗೆಸಿ, ಜೇಡಿಮಣ್ಣು ತುಂಬಿಸಿ ಗಟ್ಟಿ ಮಾಡಿಸಿದಳು. ಆದರೆ ಈ ಬೇಸಿಗೆ ಮುಗಿಯುವ ಮೊದಲೇ ಸೊಪ್ಪಿನ ಮಡಿಗಳು ಒಣಗಿದವು. ಬ್ರೋಕರೊಬ್ಬ ಗೇಟಿನ ಹತ್ತಿರ ಕಾರು ನಿಲ್ಲಿಸಿ ದಿನಾ ಸುಮ್ಮನೆ ನೋಡಿ ಹೋಗುತ್ತಿದ್ದ. ಮೊದಲ ಮಳೆಯ ಮಾರನೆಯ ದಿನ ನಾನು ಕೋಡಿಯ ಹತ್ತಿರ ಹೋದೆ. ಅಪ್ಪನ ಕಲ್ಲುಗಳು ಬದಿಯಲ್ಲಿ ಬಿದ್ದಿದ್ದವು, ಅಕ್ಕ ಅವನ್ನು ಮುಟ್ಟಿರಲಿಲ್ಲ. ಒಂದೇ ಸಾಲು ಇಟ್ಟರೆ ಏನಾಗುತ್ತದೆ ಎಂದುಕೊಂಡೆ. ಬಗ್ಗಿ ಒಂದು ಕಲ್ಲನ್ನು ಎತ್ತಿಯೂ ಬಿಟ್ಟೆ, ನಾನು, ಅಷ್ಟೆಲ್ಲ ಬೈದವಳು. ಕೆಳಗೆ ಮೂರನೆಯ ಕೋಣೆಯ ಮುಂದೆ ಬೂಟು ಕಾಣಿಸಿತು. ಕಲ್ಲನ್ನು ಇದ್ದಲ್ಲೇ ಇಟ್ಟೆ.