ಹದಿನಾರನೆಯ ಸಾಲು

ಮುನೀರ್ ಸಾಹೇಬರೇ, ಆ ಚರ್ಮದ ಹಾಳೆಯ ಕೊನೆಯ ಸಾಲನ್ನು ಹಾಳು ಮಾಡಿದವಳು ನಾನು. ನೀವಲ್ಲ, ಕಾಲವೂ ಅಲ್ಲ — ನಿಮ್ಮ ಕೈಕೆಳಗೆ ಒಂಬತ್ತು ವರ್ಷ ಕೆಲಸ ಕಲಿತ ಈ ಶಾಂತಾ.

ಹೈದರಾಬಾದಿನ ಆ ಹಸ್ತಪ್ರತಿ ಭಂಡಾರದಲ್ಲಿ ಕನ್ನಡ ಆಡುವವರು ನಾವಿಬ್ಬರೇ. ನೀವು ಬೀದರದವರು, ನಾನು ಕಲಬುರಗಿಯವಳು. ಹರಿದ ಹಾಳೆಗೆ ಅಂಟು ಹಚ್ಚುತ್ತ ನೀವು ಹೇಳುತ್ತಿದ್ದಿರಿ — ಕುರ್‌ಆನ್ ಮೊದಲು ಜನರ ಬಾಯಲ್ಲಿತ್ತು. ಜೊತೆಗೆ ಖರ್ಜೂರದ ದಂಟು, ಚರ್ಮ, ಎಲುಬು, ಕೈಗೆ ಸಿಕ್ಕಿದ್ದರ ಮೇಲೆಲ್ಲ ಬರೆದಿಟ್ಟಿದ್ದರು. ಬಾಯಿಪಾಠ ಬಲ್ಲವರು ಯುದ್ಧದಲ್ಲಿ ಸತ್ತಾಗ ದಿಗಿಲುಬಿದ್ದು ಎಲ್ಲವನ್ನೂ ಒಂದೆಡೆ ಕೂಡಿಸಿದರು. "ಬರದದ್ದು ಐತಿ ಅಂತ ಹಂಗೇ ತಗೋಳಿಲ್ಲಮ್ಮಾ, ಇಬ್ಬರು ಸಾಕ್ಷಿ ಬೇಕಂದ್ರು." ಅದನ್ನೇ ನಮ್ಮ ಕೋಣೆಗೂ ಕಟ್ಟಳೆ ಮಾಡಿದಿರಿ. ಯಾವ ಹಾಳೆ ಬಂದರೂ ಅದರ ಸ್ಥಿತಿಯನ್ನು ನೀವು ರಿಜಿಸ್ಟರಿನಲ್ಲಿ ಬರೆಯಬೇಕು, ನಾನೂ ನೋಡಿ ಪಕ್ಕದಲ್ಲಿ ಸಹಿ ಹಾಕಬೇಕು.

ಹಳೆಯ ಕುರ್‌ಆನಿನ ಆ ಚರ್ಮದ ಹಾಳೆ ಬಂದ ದಿನ ಇಬ್ಬರೂ ಕಿಟಕಿಯ ಬೆಳಕಿನಲ್ಲಿ ಸಾಲು ಎಣಿಸಿದೆವು. ಹದಿನಾರು. ನೀವು ಬರೆದು, ಸಹಿ ಮಾಡಿ, ನಮಾಜಿಗೆ ಹೋದಿರಿ. ನನ್ನದು ಆಮೇಲೆ ಹಾಕಿದರಾಯಿತು ಅಂದುಕೊಂಡೆ. ಹಾಳೆಯ ಅಂಚು ಸುರುಟಿತ್ತು. ನೀವು ಬರುವುದರೊಳಗೆ ನೆಟ್ಟಗೆ ಮಾಡಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಚಪಲ ನನಗೆ. ಕಾಗದಕ್ಕೆ ಮಾಡುವಂತೆ ನೀರು ತಾಗಿಸಿ, ಬ್ಲಾಟಿಂಗ್ ಕಾಗದ ಇಟ್ಟು ಒತ್ತಿದೆ. ಕಾಗದ ಶಾಯಿಯನ್ನು ಕುಡಿಯುತ್ತದೆ, ಚರ್ಮ ಕುಡಿಯುವುದಿಲ್ಲ, ಶಾಯಿ ಮೇಲೆಯೇ ಕೂತಿರುತ್ತದೆ — ಎಷ್ಟು ಸಲ ಹೇಳಿದ್ದಿರಿ! ಕೊನೆಯ ಸಾಲು ಇಡಿಯಾಗಿ ಕಿತ್ತು ಬಂತು. ಹಾಳೆಯನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟೆ. ರಿಜಿಸ್ಟರಿಗೆ ಸಹಿ ಹಾಕಲೇ ಇಲ್ಲ.

ಮರುದಿನವೇ ತಪಾಸಣೆಯವರು ಬಂದರು. ರಿಜಿಸ್ಟರಿನಲ್ಲಿ ಹದಿನಾರು ಸಾಲು, ಹಾಳೆಯಲ್ಲಿ ಹದಿನೈದು, ಸಹಿ ನಿಮ್ಮದೊಂದೇ. ಹಾಳೆಯನ್ನು ಮುಟ್ಟಿದವರು ನೀವೊಬ್ಬರೇ, ಹಾಳು ಮಾಡಿದವರೂ ನೀವೇ ಎಂದರು. ನೀವು ನಗುತ್ತಲೇ ನನ್ನ ಕಡೆ ತಿರುಗಿದಿರಿ — ಅಷ್ಟು ನಂಬಿಕೆ.

"ಶಾಂತಮ್ಮ ನನ್ನ ಜೋಡಿನೇ ಎಣಿಸ್ಯಾಳ್ರಿ. ಹೇಳಮ್ಮಾ."

"ನಾ ನೋಡಿಲ್ರಿ," ಎಂದೆ.

ನಿಮ್ಮ ನಗು ತಕ್ಷಣ ಹೋಗಲಿಲ್ಲ. ಅದೇ ನನ್ನನ್ನು ಇಂದಿಗೂ ಕೊಲ್ಲುವುದು. "ನೀನೂ ಹಿಂಗ ಅಂತೀಯೇನಮ್ಮಾ?" ಎಂದಷ್ಟೇ ಕೇಳಿದಿರಿ. ನಮಾಜಿನ ಹೊತ್ತಿನಲ್ಲಿ ಕೋಣೆಯಲ್ಲಿ ಇದ್ದವಳು ಇವಳೊಬ್ಬಳೇ ಎಂದು ನನ್ನತ್ತ ಬೆರಳು ತೋರಿಸಬಹುದಿತ್ತು. ತೋರಿಸಲಿಲ್ಲ. ತಿಂಗಳೊಳಗೆ ನಿಮ್ಮನ್ನು ಮನೆಗೆ ಕಳಿಸಿದರು. ನಿಮ್ಮ ಕುರ್ಚಿ ನನಗೆ ಬಂತು, ನಾಚಿಕೆಯಿಲ್ಲದೆ ಕೂತೆ. ಹೆದರಿದ್ದೆ ಅಂತ ಹೇಳಬಹುದು... ಆದರೆ ಮರುದಿನವೂ ಹೆದರಿಕೆಯೇ? ಹನ್ನೆರಡು ವರ್ಷವೂ?

ಈಗ ಆ ಹಾಳೆ ಪ್ರದರ್ಶನಕ್ಕೆ ಹೋಗುತ್ತಿದೆ. ಕೊನೆಯ ಸಾಲು ಕಾಲ ಕಳೆದಂತೆ ತಾನೇ ಅಳಿದದ್ದು ಎಂದು ಅದರ ಪಕ್ಕ ಇಡುವ ಚೀಟಿಗೆ ನನ್ನ ಒಪ್ಪಿಗೆ ಕೇಳಿದರು. ಕೊಡಲಿಲ್ಲ. ನಡೆದದ್ದನ್ನೆಲ್ಲ ಬರೆದು ಮೇಲಿನವರಿಗೆ ಒಪ್ಪಿಸಿ ಬಂದೆ.

ನಾಳೆ ಬೆಳಿಗ್ಗೆ ಲಿಂಗಂಪಲ್ಲಿಗೆ, ನಿಮ್ಮ ಮಗಳ ಮನೆಗೆ ಬರುತ್ತೇನೆ. ಕ್ಷಮೆ ಕೇಳುವುದಿಲ್ಲ. ಹೋಗು ಎಂದರೆ ಹೋಗುತ್ತೇನೆ — ಇದನ್ನು ನಿಮ್ಮ ಮುಖ ನೋಡಿ ಹೇಳಿದ ಮೇಲೆ.