ಗುರುವಾರದ ಮುಚ್ಚಳ

ನನ್ನ ಮೇಜಿಗೆ ನೇರವಾಗಿ ಮೇಲೆ, ಛಾವಣಿಯಲ್ಲಿ, ಬೋರಲು ಹಾಕಿದ ಬಟ್ಟಲಿನಂಥ ಒಂದು ಬಿಳಿ ವಸ್ತು ಇತ್ತು. ಅದರ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ. ಆಗಾಗ ಒಮ್ಮೆ ಮಿನುಗಿ ಸುಮ್ಮನಾಗುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಕಾಗದಪತ್ರಕ್ಕಿಂತ ಹೆಚ್ಚಾಗಿ ಆ ದೀಪವನ್ನೇ ನೋಡಿದೆ. ಅದು ಯಾರಿಗಾಗಿ ಮಿನುಗುತ್ತದೆ, ನಾನು ನೋಡದಿದ್ದಾಗಲೂ ಮಿನುಗುತ್ತದೆಯೇ ಎಂದೆಲ್ಲ ಯೋಚಿಸುತ್ತಿದ್ದೆ. ಇಂಥ ಪ್ರಶ್ನೆಗಳಿಗೆ ನಮ್ಮ ಅಮ್ಮಿ ಒಂದೇ ಉತ್ತರ ಕೊಡುತ್ತಿದ್ದರು: ತಲೆ ತಿನ್ನಬೇಡ.

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣಕ್ಕೆ ಹತ್ತಿರವೇ ಇದ್ದ ಕಾಂಪ್ಲೆಕ್ಸ್ ಅದು. ಕೆಳಗೆ ಸೀರೆ ಅಂಗಡಿ, ಚಪ್ಪಲಿ ಅಂಗಡಿ. ಮೊದಲ ಮಹಡಿಯಲ್ಲಿ ರಕ್ತ ಪರೀಕ್ಷೆಯ ಲ್ಯಾಬು ಮತ್ತು ಕಟ್ಟಡದ ಉಸ್ತುವಾರಿ ನೋಡುವ ನನ್ನ ಪುಟ್ಟ ಆಫೀಸು. ಎರಡನೆಯ ಮಹಡಿಯಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ದೊಡ್ಡ ಹಾಲ್. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಂಗಸರು, ಇಳಿಯಲು ಒಂದೇ ಮೆಟ್ಟಿಲು. ಅವರಲ್ಲಿ ನನ್ನ ಅಕ್ಕನೂ ಒಬ್ಬಳು. ನಾವು ಆಪಾ ಅನ್ನುತ್ತೇವೆ, ಆದರೆ ಅವಳಿಗೆ ಅದು ಕೇಳಿಸಿದ್ದೇ ಇಲ್ಲ. ಹುಟ್ಟಿದಾಗಿನಿಂದ ಕಿವಿ ಇಲ್ಲ, ಮಾತೂ ಇಲ್ಲ. ನಮ್ಮ ಮಾತೆಲ್ಲ ಕೈಯಲ್ಲಿ. ದಿನಾ ಬೆಳಿಗ್ಗೆ ಶಿಡ್ಲಘಟ್ಟದಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಬಸ್ಸಿನ ಗದ್ದಲದಲ್ಲಿ ಬೇರೆಯವರು ಕಿರುಚಿಕೊಂಡು ಮಾತಾಡುವಾಗ ನಾವಿಬ್ಬರು ಮಾತ್ರ ಆರಾಮಾಗಿ ಹರಟುತ್ತಿದ್ದೆವು.

ಆ ಬಿಳಿ ಬಟ್ಟಲಿನ ಗುಟ್ಟನ್ನು ಬಿಡಿಸಿ ಹೇಳಿದವರು ಗೌರಿಬಿದನೂರಿನಿಂದ ಬೈಕಿನಲ್ಲಿ ಬರುತ್ತಿದ್ದ ಅಲಾರಂ ರಿಪೇರಿಯವರು. ಐವತ್ತು ದಾಟಿದವರು. ಏನು ಕೇಳಿದರೂ ಮೇಷ್ಟ್ರ ಹಾಗೆ ಮೊದಲಿನಿಂದ ಶುರು ಮಾಡುತ್ತಿದ್ದರು. ಹಾಗಾಗಿ ನಾನು ಅವರನ್ನು ಮೇಷ್ಟ್ರು ಅಂತಲೇ ಕರೆಯುತ್ತಿದ್ದೆ.

"ಏಮಮ್ಮ, ಇದರೊಳಗೆ ಒಂದು ಕತ್ತಲೆ ಕೋಣೆ ಐತೆ ಅಂದ್ಕೊಳ್ಳಿ," ಎಂದು ಬಟ್ಟಲನ್ನು ಬಿಚ್ಚಿ ತೋರಿಸಿದರು. "ಒಂದು ಕಡೆಯಿಂದ ಬೆಳಕು ಬಿಡ್ತಾ ಇರ್ತದೆ. ಇನ್ನೊಂದು ಕಡೆ ಒಂದು ಕಣ್ಣು. ಬೆಳಕು ನೇರ ಹೋಗೋದ್ರಿಂದ ಕಣ್ಣಿಗೆ ಬೀಳಲ್ಲ. ಹೊಗೆ ಒಳಗೆ ಬಂತು ಅನ್ನಿ, ಬೆಳಕು ಹೊಗೆಗೆ ತಾಗಿ ಚೆದುರ್ತದೆ, ಕಣ್ಣಿಗೆ ಬೀಳ್ತದೆ. ತಕ್ಷಣ ಕೆಳಗಿನ ಪ್ಯಾನೆಲ್‌ಗೆ ಸುದ್ದಿ. ಪ್ಯಾನೆಲ್ ಹೂಟರ್ ಬಡಿಸ್ತದೆ."

"ಕರೆಂಟ್ ಹೋದ್ರೆ?"

"ಬ್ಯಾಟರಿ ಐತೆ."

"ವೈರ್ ಇಲಿ ಕಡಿದ್ರೆ?"

"ಪ್ಯಾನೆಲ್ ಯಾವಾಗ್ಲೂ ವೈರ್ ನೋಡ್ಕೋತಾ ಇರ್ತದೆ. ಎಲ್ಲಿ ತುಂಡಾದ್ರೂ ಹಳದಿ ದೀಪ ಹತ್ತಿಸಿ ಕೂಗ್ತದೆ. ಇನ್ನೂ ಕೇಳಿ, ಇವತ್ತು ಊರಿಗೆ ಹೋಗೋ ಆಸೆ ಬಿಟ್ಟಿದ್ದೀನಿ."

ಪ್ಯಾನೆಲ್ ಇದ್ದದ್ದು ನನ್ನ ಆಫೀಸಿನ ಗೋಡೆಯ ಮೇಲೆ. ಒಂದೊಂದು ಮಹಡಿಗೂ ಎರಡೆರಡು ದೀಪ: ಒಂದು ಛಾವಣಿಯ ಬಟ್ಟಲುಗಳದ್ದು, ಇನ್ನೊಂದು ಮೆಟ್ಟಿಲ ಪಕ್ಕದ ಕೆಂಪು ಡಬ್ಬಿಯದ್ದು. ಬೆಂಕಿ ಕಂಡ ಮನುಷ್ಯರೇ ಬೆರಳಿನಿಂದ ಒತ್ತಬೇಕಾದ ಡಬ್ಬಿ ಅದು. ಹಾಗಾಗಿ ಸುದ್ದಿ ಹೊಗೆ ಕೊಟ್ಟಿತೋ ಮನುಷ್ಯರು ಕೊಟ್ಟರೋ ಎಂದು ಕುಳಿತಲ್ಲೇ ತಿಳಿಯುತ್ತಿತ್ತು. ಇದು ನನಗೆ ಬಹಳ ಇಷ್ಟವಾಯಿತು.

ಅಂದೇ ಮೇಷ್ಟ್ರು ಹೂಟರ್ ಪರೀಕ್ಷೆ ಮಾಡಿದರು. ಕಟ್ಟಡವೇ ನಡುಗುವಂಥ ಸದ್ದು. ಎಲ್ಲರೂ ಕಿವಿ ಮುಚ್ಚಿಕೊಂಡು ಕೆಳಗಿಳಿದರು. ಅಂಗಳದಲ್ಲಿ ಹುಡುಕಿದೆ, ಆಪಾ ಇಲ್ಲ. ಮೇಲೆ ಓಡಿದೆ. ಖಾಲಿ ಹಾಲ್‌ನಲ್ಲಿ, ಗೋಡೆಗೆ ಮುಖ ಮಾಡಿದ ತನ್ನ ಮಷೀನಿನ ಮುಂದೆ ಅವಳೊಬ್ಬಳೇ ತಲೆ ಬಗ್ಗಿಸಿ ನೀಲಿ ಲಂಗಕ್ಕೆ ನೆರಿಗೆ ಹಿಡಿಯುತ್ತಿದ್ದಳು. ಹೂಟರ್ ಅವಳ ತಲೆಯ ಮೇಲೆಯೇ ಅರಚುತ್ತಿತ್ತು. ಭುಜ ಮುಟ್ಟಿದೆ. ತಿರುಗಿ ನೋಡಿ, ಬೆರಳುಗಳನ್ನು ಬಾಯಿಯ ಹತ್ತಿರ ತಂದು, ಊಟದ ಹೊತ್ತಾಯಿತಾ ಎಂದು ಕೇಳಿದಳು. ನನಗೆ ಅಳು ಬಂತು.

ಮೇಷ್ಟ್ರಿಗೆ ಹೇಳಿದೆ. "ಹೂಟರ್ ಜತೆಗೆ ದೀಪಾನೂ ಮಿಂಚೋ ಥರದ್ದು ಬರ್ತದಮ್ಮ. ಅವರ ಮಷೀನ್ ಎದುರಿಗೇ ಹಾಕೋಣ," ಎಂದರು. ಮುಂದಿನ ಸಲ ಬಂದಾಗ ಹಾಕಿದರು. ಆಪಾ ಅದನ್ನು ದಿನಾ ಒರೆಸಿ ಇಡುತ್ತಿದ್ದಳು.

ನಮ್ಮ ಕಾಂಪ್ಲೆಕ್ಸಿಗೆ ಬೆಂಕಿಯ ಹೊಗೆ ಎಂದೂ ಬಂದಿರಲಿಲ್ಲ. ಆದರೆ ಗುರುವಾರ ಸಂಜೆ ಐದರ ನಂತರ ಲೋಬಾನದ, ಅಂದರೆ ಸಾಂಬ್ರಾಣಿಯ, ಹೊಗೆ ತಪ್ಪದೆ ಬರುತ್ತಿತ್ತು. ಹಸಿರು ಪೇಟದ ಚಾಚಾ ಒಬ್ಬರು ಕೆಂಡದ ಬಟ್ಟಲು ಹಿಡಿದು, ಚಿಟಿಕೆ ಲೋಬಾನ ಉದುರಿಸಿ, ನವಿಲುಗರಿಯಿಂದ ಬೀಸುತ್ತಾ ಅಂಗಡಿಯಿಂದ ಅಂಗಡಿಗೆ ಹೋಗುವರು. ನಮಗಿಂತ ಹೆಚ್ಚಾಗಿ ಅವರಿಗೆ ಕಾಯುತ್ತಿದ್ದವರು ಸೀರೆ ಅಂಗಡಿಯ ಶೆಟ್ಟರು. ಹೊಗೆ ಮೂಲೆಮೂಲೆಗೂ ಹೋಗದಿದ್ದರೆ ಅವರಿಗೆ ಸಮಾಧಾನವಿಲ್ಲ. ಇದೇ ಚಾಚಾ ನಾವು ಚಿಕ್ಕವರಿದ್ದಾಗ ಶಿಡ್ಲಘಟ್ಟದ ನಮ್ಮ ಬೀದಿಗೂ ಬರುತ್ತಿದ್ದರು. ಅಮ್ಮಿ ಆಪಾಳನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಅವಳ ಎರಡೂ ಕಿವಿಗೆ ಹೊಗೆ ಹಾಕಿಸುತ್ತಿದ್ದರು. ಆಮೇಲೆ ಅವಳ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡುತ್ತಿದ್ದರು.

ಬಿಳಿ ಬಟ್ಟಲಿಗೆ ಲೋಬಾನವೂ ಒಂದೇ, ಬೆಂಕಿಯೂ ಒಂದೇ. ಮೂರು ಗುರುವಾರ ಹೂಟರ್ ಬಡಿಯಿತು. ಸೀರೆ ಬಿಚ್ಚಿ ನೋಡುತ್ತಿದ್ದ ಗಿರಾಕಿಗಳು ಚಪ್ಪಲಿ ಬಿಟ್ಟು ಓಡಿದರು. ಲ್ಯಾಬಿನಲ್ಲಿ ಒಬ್ಬರು ಸೂಜಿ ಚುಚ್ಚಿಸಿಕೊಂಡ ಕೈಯಲ್ಲೇ ಕೆಳಗೆ ಬಂದರು. ಆದರೂ ಚಾಚಾಗೆ ಬರಬೇಡಿ ಅನ್ನಲು ಯಾರಿಗೂ ಬಾಯಿ ಬರಲಿಲ್ಲ, ನನಗಂತೂ ಮೊದಲೇ ಇಲ್ಲ. ಕೊನೆಗೆ ಉಪಾಯ ಹೊಳೆದದ್ದು ನನಗೇ. ಬಣ್ಣ ಬಳಿಯುವಾಗ ಧೂಳು ಹೋಗದಿರಲೆಂದು ಪ್ರತಿ ಬಟ್ಟಲಿನ ಜತೆಗೂ ಒಂದು ಹಳದಿ ಪ್ಲಾಸ್ಟಿಕ್ ಮುಚ್ಚಳ ಬಂದಿತ್ತು. ಗುರುವಾರ ಐದಕ್ಕೆ ಉದ್ದ ಕೋಲಿನಿಂದ ಮುಚ್ಚಳ ಹಾಕುವುದು, ಚಾಚಾ ಹೋದ ಮೇಲೆ ತೆಗೆಯುವುದು. ಶೆಟ್ಟರು ನನ್ನ ಬುದ್ಧಿವಂತಿಕೆಯನ್ನು ಹೊಗಳಿದರು. ನಾನೂ ಉಬ್ಬಿಹೋದೆ. ಅದಕ್ಕೊಂದು ರಿಜಿಸ್ಟರ್ ಬೇರೆ ತೆರೆದೆ: ಒಂದು ಕಾಲಂ 'ಹಾಕಿದೆ', ಇನ್ನೊಂದು ಕಾಲಂ 'ತೆಗೆದಿದೆ', ಕೊನೆಗೆ ನನ್ನ ಸಹಿ.

ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. "ಚಾಚಾನ ಗೇಟಲ್ಲೇ ನಿಲ್ಲಿಸಿ," ಎಂದರು. ನಾನು ನನ್ನ ಅಭ್ಯಾಸದಂತೆ ಪ್ರಶ್ನೆ ಕೇಳಿದೆ: "ಮುಚ್ಚಳ ಹಾಕಿದ್ದು ಪ್ಯಾನೆಲ್‌ಗೆ ಗೊತ್ತಾಗುತ್ತಾ?"

"ಇಲ್ಲಮ್ಮ. ವೈರ್ ಸರಿಯಿದ್ರೆ ಅದರ ಪಾಲಿಗೆ ಎಲ್ಲಾ ಸರಿ. ಕೆಂಪು ದೀಪಾನೂ ಮುಚ್ಚಳದೊಳಗೆ ಮಿನುಗ್ತಾನೇ ಇರ್ತದೆ. ಅದು ನಿಮಗೊಬ್ಬರಿಗೇ ಗೊತ್ತಿರೋದು."

ಎಷ್ಟು ಸ್ವಾರಸ್ಯವಾಗಿದೆ ಅಂದುಕೊಂಡೆ. ಹೆದರಬೇಕು ಅಂತ ಅನ್ನಿಸಲಿಲ್ಲ.

ಒಂದು ಗುರುವಾರ ಐದಕ್ಕೆ ಮುಚ್ಚಳ ಹಾಕಿ ಬಂದು ರಿಜಿಸ್ಟರ್‌ನಲ್ಲಿ ಎರಡೂ ಕಾಲಂಗಳನ್ನು ಒಟ್ಟಿಗೇ ತುಂಬಿ ಸಹಿ ಹಾಕಿದೆ. ಅದು ಹೊಸದೇನಲ್ಲ. ಪೆನ್ನು ಕೈಯಲ್ಲಿರುವಾಗಲೇ ಮುಗಿಸಿಬಿಡುವುದು ನನ್ನ ರೂಢಿಯಾಗಿತ್ತು. ಅಂದು ಚಾಚಾ ತಡವಾಗಿ ಬಂದರು. ಅವರು ಹೋಗುವಷ್ಟರಲ್ಲಿ ಆಪಾ ಕೆಳಗೆ ನಿಂತು, ಬಸ್ಸು ಹೋಗುತ್ತದೆ ಎಂದು ಕೈ ಬೀಸುತ್ತಿದ್ದಳು. ಓಡೋಡಿ ಮುಚ್ಚಳ ತೆಗೆದೆ. ಎರಡನೆಯ ಮಹಡಿಯ ಮೆಟ್ಟಿಲ ಪಕ್ಕದ ಸ್ಟೋರ್ ರೂಮಿನದ್ದು ಮರೆತೇಹೋಯಿತು.

ಮಾರನೆಯ ದಿನ, ಶುಕ್ರವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೂಟರ್ ಬಡಿಯಿತು. ಪ್ಯಾನೆಲ್ ನೋಡಿದೆ. ಎರಡನೆಯ ಮಹಡಿ, ಕೆಂಪು ಡಬ್ಬಿ. ಯಾರೋ ಬೆರಳಿನಿಂದ ಒತ್ತಿದ್ದಾರೆ. ಹೊಗೆಯ ದೀಪ ಮಾತ್ರ ಹತ್ತಿಲ್ಲ. ಬೆಂಕಿಯಿಲ್ಲದೆ ಯಾಕೆ ಒತ್ತಿದರು ಎಂದು ನನ್ನ ಹಾಳು ಕುತೂಹಲ ಕ್ಷಣಹೊತ್ತು ನನ್ನನ್ನು ಅಲ್ಲೇ ನಿಲ್ಲಿಸಿತು. ಆಗ ಹಳದಿ ಮುಚ್ಚಳ ನೆನಪಾಯಿತು. ಬಾಗಿಲಿಗೆ ಓಡಿದೆ.

ಮೆಟ್ಟಿಲಲ್ಲಿ ಹೆಂಗಸರು ಕೆಮ್ಮುತ್ತಾ ಇಳಿದು ಬರುತ್ತಿದ್ದರು. ಎಲ್ಲರ ಹಿಂದೆ ಆಪಾ, ಮೂಗಿಗೆ ದುಪಟ್ಟಾ ಒತ್ತಿಕೊಂಡು, ಮುಂದಿನವರನ್ನು ಬೆನ್ನಿಗೆ ಕೈಯಿಟ್ಟು ದೂಡುತ್ತಾ ಬಂದಳು. ಸ್ಟೋರ್ ರೂಮಿನಲ್ಲಿ ಇಸ್ತ್ರಿ ಪೆಟ್ಟಿಗೆಯ ವೈರು ಸುಟ್ಟು, ಬಟ್ಟೆ ಚೂರಿನ ಮೂಟೆಗೆ ಕಿಡಿ ಹಿಡಿದಿತ್ತು. ಶೆಟ್ಟರ ಅಂಗಡಿಯವರು ಕೆಂಪು ಸಿಲಿಂಡರ್ ತಂದು ನಂದಿಸಿದರು. ಎರಡು ಮೂಟೆ ಸುಟ್ಟವು, ಬಾಗಿಲು ಕರಿಯಾಯಿತು. ಯಾರಿಗೂ ಏನೂ ಆಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹೋಗಿದ್ದರೆ ಮೂಟೆಗಳೆಲ್ಲ ಹತ್ತಿಕೊಂಡು ಆ ಒಂದೇ ಮೆಟ್ಟಿಲೂ ಮುಚ್ಚಿಹೋಗುತ್ತಿತ್ತು.

ಮೊದಲು ವಾಸನೆ ಹಿಡಿದವಳು ಆಪಾ. ನಮ್ಮ ಅಬ್ಬಾ ರೇಷ್ಮೆ ನೂಲು ತೆಗೆಯುವವರು. ಮನೆಯ ಹಿಂದೆಯೇ ಗೂಡು ಬೇಯಿಸುವ ಒಲೆಯಿತ್ತು. ಒಲೆಯಲ್ಲಿ ಉರಿಯುತ್ತಿರುವುದು ಹುಣಸೆ ಸೌದೆಯೋ ಜಾಲಿಯೋ ಎಂದು ಆಪಾ ಅಂಗಳದಲ್ಲಿ ನಿಂತೇ ಹೇಳುತ್ತಿದ್ದಳು. ಅಂಥವಳಿಗೆ ಬಟ್ಟೆ ಸುಟ್ಟ ವಾಸನೆ ತಿಳಿಯದೇ ಇರುತ್ತದೆಯೇ? ಎದ್ದು ಹೋಗಿ ಡಬ್ಬಿ ಒತ್ತಿದಳು. ಬಡಿಯಿತೋ ಇಲ್ಲವೋ ತಿಳಿಯದೆ ಮತ್ತೆ ಮತ್ತೆ ಒತ್ತಿ ಹೆಬ್ಬೆರಳಿನ ಉಗುರು ಸೀಳಿಕೊಂಡಿದ್ದಳು. ಯಾರೂ ಹೊರಗೆ ಬರದಿದ್ದಾಗ ಹಾಲ್‌ಗೆ ವಾಪಸು ಓಡಿದಳು. ಅಲ್ಲಿ ಅವಳ ದೀಪ ಮಿಂಚುತ್ತಿತ್ತು, ಎಲ್ಲರೂ ಹೊಲಿಯುತ್ತಿದ್ದರು. ಮೂರು ಗುರುವಾರ ಬರೀ ಲೋಬಾನಕ್ಕೆ ಬಡಿದ ಹೂಟರ್ ಅವರಿಗೆ ಎಚ್ಚರಿಕೆಯಾಗಿ ಉಳಿದಿರಲಿಲ್ಲ. ಆಪಾ ಗೋಡೆಯ ಮೇನ್ ಸ್ವಿಚ್ ಕೆಳಗೆಳೆದಳು. ಮಷೀನುಗಳು ನಿಂತವು, ತಲೆಗಳು ಎದ್ದವು. ಎರಡೂ ಕೈಯ ಬೆರಳುಗಳನ್ನು ಮೇಲಕ್ಕೆ ಕುಣಿಸಿ ಬೆಂಕಿ ಎಂದು ತೋರಿಸಿದಳು.

"ಎಲ್ಲರಿಗೂ ಒಟ್ಟಿಗೇ ಕಿವಿ ಹೋಯ್ತಾ ಅಂದ್ಕೊಂಡೆ," ಎಂದು ಆಮೇಲೆ ಕೈಯಲ್ಲಿ ಹೇಳಿದಳು. ಅಂಗಳದಲ್ಲಿದ್ದವರಿಗೆ ನಾನು ಅದನ್ನು ಹೇಳಿದಾಗ ನಕ್ಕು, ಅವಳನ್ನು ತಬ್ಬಿಕೊಂಡರು. ನನಗೆ ನಗು ಬರಲಿಲ್ಲ.

ಮಧ್ಯಾಹ್ನ ಮೇಷ್ಟ್ರು ಬಂದರು. ಏಣಿ ಹತ್ತಿ, ಮಸಿ ಹಿಡಿದ ಮುಚ್ಚಳ ತೆಗೆದರು. ರಿಜಿಸ್ಟರ್ ತಿರುವಿ, 'ತೆಗೆದಿದೆ' ಎಂದಿದ್ದ ಜಾಗದಲ್ಲಿ ನನ್ನ ಸಹಿಯನ್ನು ನೋಡಿದರು. ಮುಚ್ಚಳವನ್ನು ನನ್ನ ಕೈಗಿಟ್ಟು, "ಇಟ್ಕೊಳ್ಳಮ್ಮ," ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಬಸ್ಸಿನಲ್ಲಿ ಅದನ್ನು ಬ್ಯಾಗಿನಿಂದ ತೆಗೆದು ಆಪಾಗೆ ತೋರಿಸಿದೆ. ಏನು, ಎಲ್ಲಿತ್ತು, ಯಾರು ಮರೆತದ್ದು, ಎಲ್ಲವನ್ನೂ ಕೈಯಲ್ಲಿ ಹೇಳಿದೆ. ಸಹಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಕೊನೆಯವರೆಗೂ ನೋಡಿದಳು. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಬಿಟ್ಟಳು. ಬೇರೆಯವರು ಮುನಿಸಿಕೊಂಡರೆ ಬೆನ್ನ ಹಿಂದಿನಿಂದಾದರೂ ಬೇಡಿಕೊಳ್ಳಬಹುದು. ಆಪಾ ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು, ಹೇಳುವ ದಾರಿಯೇ ಇರುವುದಿಲ್ಲ. ಶಿಡ್ಲಘಟ್ಟ ಬರುವವರೆಗೂ ಅವಳ ಜಡೆಯನ್ನೇ ನೋಡುತ್ತಾ ಕುಳಿತಿದ್ದೆ.

ಶನಿವಾರ ಹಾಲ್‌ನಲ್ಲಿ ನಿಂತು ಎಲ್ಲ ಹೆಂಗಸರಿಗೂ ಹೇಳಿದೆ, ಶೆಟ್ಟರಿಗೂ ಹೇಳಿದೆ. ಒಬ್ಬಿಬ್ಬರು ಬೈದರು. ಆಪಾ ಮಾತ್ರ ಒಂದು ವಾರ ನನ್ನತ್ತ ಮುಖ ಕೊಡಲಿಲ್ಲ.

ಮುಂದಿನ ಗುರುವಾರ ಐದಕ್ಕೆ ನಾನು ಗೇಟಿನಲ್ಲೇ ನಿಂತೆ. ಒಳಗೆ ಬರುವುದು ಬೇಡ ಎಂದು ಚಾಚಾಗೆ ಹೇಳುವಾಗ ನಾಲಿಗೆ ತಡವರಿಸಿತು. ಅವರು ಮಾತ್ರ ನಕ್ಕುಬಿಟ್ಟರು. "ಅಷ್ಟೇನಾ ಬೇಟಾ? ಮೆಟ್ಟಿಲು ಹತ್ತಿ ಹತ್ತಿ ನನ್ನ ಮೊಣಕಾಲು ಹೋಗಿತ್ತು." ಅಂಗಡಿಯವರೆಲ್ಲ ಹೊರಗೇ ಬಂದು ಹೊಗೆ ತೆಗೆದುಕೊಂಡರು. ಆಪಾ ಕೆಳಗಿಳಿದು ಬಂದಾಗ ಚಾಚಾ ಹಳೆಯ ನೆನಪಿನಲ್ಲಿ ನವಿಲುಗರಿಯನ್ನು ಅವಳ ಕಿವಿಯ ಹತ್ತಿರ ತಂದರು. ಅವಳು ಗರಿಯನ್ನು ಮೆಲ್ಲಗೆ ಸರಿಸಿ ತನ್ನ ಮೂಗನ್ನು ತೋರಿಸಿದಳು.

ಆಮೇಲೆ ನನ್ನ ಕಡೆ ತಿರುಗಿದಳು. ಅಂಗೈಯನ್ನು ಮುಷ್ಟಿಯ ಮೇಲೆ ಮುಚ್ಚಿ, ಹುಬ್ಬು ಏರಿಸಿದಳು. ಮುಚ್ಚಳ ಎಲ್ಲಿ?

ಎರಡೂ ಕೈ ಬಿಚ್ಚಿ ತೋರಿಸಿದೆ. ಎಲ್ಲವನ್ನೂ ಮೇಷ್ಟ್ರಿಗೆ ವಾಪಸು ಕೊಟ್ಟೆ ಎಂದು ಹೇಳಿದೆ. ಅವಳು ನಂಬಲಿಲ್ಲ. ನನ್ನ ಬ್ಯಾಗಿನ ಜಿಪ್ ಎಳೆದು, ಊಟದ ಡಬ್ಬಿ ಸರಿಸಿ, ತಳದವರೆಗೂ ಕೈ ಹಾಕಿ ತಾನೇ ನೋಡಿದಳು. ಆಮೇಲೆ ಜಿಪ್ ಹಾಕಿ, ಬ್ಯಾಗನ್ನು ನನ್ನ ಹೆಗಲಿಗೇರಿಸಿ, ತೋಳು ಹಿಡಿದು ಬಸ್ ನಿಲ್ದಾಣದ ಕಡೆ ನಡೆಸಿಕೊಂಡು ಹೋದಳು.