ಟಿಕೆಟ್ ಎಲ್ಲಿಯವರೆಗೆ?

...ಇಲ್ಲ, ಅವಳು ಅದನ್ನು ಕೇಳಿದ್ದು ಪೆಟೋನೆ ಸ್ಟೇಷನ್ ದಾಟಿದ ಮೇಲೆಯೇ ಇರಬೇಕು. ಕಿಟಕಿಯಾಚೆ ಸಮುದ್ರವಿತ್ತು ಎಂದು ಚೆನ್ನಾಗಿ ನೆನಪಿದೆ. ಆದರೆ ನನ್ನ ನೆನಪಿನಲ್ಲಿ ಮುಖ್ಯವಾದ ಮಾತುಗಳೆಲ್ಲ ಸಮುದ್ರದ ಪಕ್ಕದಲ್ಲೇ ನಡೆಯುತ್ತವೆ, ಆದ್ದರಿಂದ ಸಮುದ್ರದ ಸಾಕ್ಷಿಯನ್ನು ನಂಬುವಂತಿಲ್ಲ. ಲೋವರ್ ಹಟ್‌ನಿಂದ ವೆಲಿಂಗ್ಟನ್‌ಗೆ ಹೋಗುವ ಬೆಳಗಿನ ರೈಲು ಎನ್ನುವುದಂತೂ ನಿಜ. ಪಕ್ಕದಲ್ಲಿ ಗದಗಿನ ನಸ್ರೀನ್ ಕೂತಿದ್ದಳು ಎನ್ನುವುದೂ ನಿಜ.

"ಅಕ್ಕಾ, ಒಂದ್ ದೇಶದಾಗ ರೈಲ್ ಹತ್ತಿ ಇನ್ನೊಂದ್ ದೇಶದಾಗ ಇಳದ್ರ ಟಿಕೆಟ್ ಯಾವ ದೇಶದ್ದು ತಗೀಬೇಕ್ರಿ?"

ನಾನು ಮೈಸೂರಿನವಳು. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲ ಎನ್ನುವುದು ನಮ್ಮ ಕಡೆಯ ಮರ್ಯಾದೆಯಲ್ಲ. "ಎರಡೂ ತಗೊಂಡ್ಬಿಡೋದು ಒಳ್ಳೇದು ಕಣೆ" ಎಂದೆ.

ನಾವಿಬ್ಬರೂ ಕೂತಿದ್ದ ದೇಶಕ್ಕೆ ನೆರೆಮನೆಯೇ ಇಲ್ಲ. ನ್ಯೂಜಿಲೆಂಡಿನಲ್ಲಿ ಯಾವ ರೈಲನ್ನು ಎಷ್ಟು ದೂರ ಓಡಿಸಿದರೂ ಕೊನೆಗೆ ಸಿಗುವುದು ನೀರು. ಇಲ್ಲಿ ಗಡಿ ಎಂದರೆ ವಿಮಾನ ನಿಲ್ದಾಣ. ಅಲ್ಲಿ ಒಂದು ನಾಯಿ ಬಂದು ನಿಮ್ಮ ಚೀಲ ಮೂಸುತ್ತದೆ, ಒಬ್ಬರು ಗಂಭೀರವಾಗಿ ನಿಮ್ಮ ಚಟ್ನಿಪುಡಿಯ ಕುಲಗೋತ್ರ ವಿಚಾರಿಸುತ್ತಾರೆ. ಅಂಥ ಗಡಿಯನ್ನು ದಿನಾ ದಾಟಿ ಆಫೀಸಿಗೆ ಹೋಗುವವರಿದ್ದಾರೆ ಎಂದರೆ ನನ್ನ ತಲೆಯೊಳಗೆ ಅದಕ್ಕೆ ಜಾಗವೇ ಸಿಗಲಿಲ್ಲ.

ನಸ್ರೀನಳಿಗೆ ಅದು ತಮಾಷೆಯ ಪ್ರಶ್ನೆಯಾಗಿರಲಿಲ್ಲ. ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಅವಳಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ಎಂಬ ಊರಿನಿಂದ ಕೆಲಸದ ಕರೆ ಬಂದಿತ್ತು. ಅವಳ ಅಕ್ಕ ಶಬಾನಾ ಇರುವುದು ಅಲ್ಲೇ ಪಕ್ಕದಲ್ಲಿ, ಆದರೆ ಗಡಿಯ ಆಚೆ, ಜರ್ಮನಿಯ ಒಂದು ಚಿಕ್ಕ ಊರಿನಲ್ಲಿ. ಭಾವ ತೀರಿಹೋದ ಮೇಲೆ ಶಬಾನಾ ಒಬ್ಬಳೇ. ಇಲ್ಲಿಗೆ ಬಂದು ತಂಗಿಯ ಜೊತೆ ನಾಲ್ಕು ದಿನ ಇದ್ದು ಹೋಗಲು ಹಾಕಿದ ವೀಸಾ ಅರ್ಜಿ ಎರಡು ಸಲ ತಿರಸ್ಕಾರವಾಗಿತ್ತು. ಅಕ್ಕನ ಮನೆಯಲ್ಲಿದ್ದುಕೊಂಡು ದಿನಾ ರೈಲಿನಲ್ಲಿ ಗಡಿ ದಾಟಿ ಕೆಲಸಕ್ಕೆ ಹೋಗಿಬರಲು ಸಾಧ್ಯವೇ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಕಾಗದಪತ್ರ ನೋಡಿದ ವಕೀಲರು ಆಗುತ್ತದೆ ಎಂದಿದ್ದರು. ಅವಳಿಗೆ ನಂಬಿಕೆ ಬಂದಿರಲಿಲ್ಲ. ಹೊರಟುಬಿಟ್ಟರೆ ಅವಳಿಗೆ ಅಕ್ಕ ಸಿಗುತ್ತಿದ್ದಳು, ನನಗೆ ಬೆಳಗಿನ ಕನ್ನಡ ತಪ್ಪುತ್ತಿತ್ತು. ನನ್ನ ಮಗಳು ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ತಿರುಗಿ ಬೈಯುವವಳು. ಅವಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಹಾಗಾಗಿ ಕೆಲವು ವಾರ ನಾವು ಹಟ್ ಕಣಿವೆಯ ರೈಲಿನಲ್ಲಿ ಕೂತು ಬಾಸೆಲ್ಲಿನ ರೈಲಿನಲ್ಲಿ ಓಡಾಡಿದೆವು. ಗಾರ್ಡ್ ಬಂದು ನಮ್ಮ ಹತ್ತು ಸಲದ ಟಿಕೆಟ್ಟಿಗೆ ಟಕ್ಕೆಂದು ತೂತು ಹೊಡೆಯುತ್ತಿದ್ದ, ನಾವು ಫೋನಿನಲ್ಲಿ ಇನ್ನೊಂದು ಖಂಡದ ನಕ್ಷೆ ಹಿಗ್ಗಿಸುತ್ತಿದ್ದೆವು. ಬಣ್ಣಬಣ್ಣದ ವಲಯಗಳು. ಈ ಪಾಸು ಗಡಿಯವರೆಗೆ, ಆಚೆಗೆ ಇನ್ನೊಂದು, ಎರಡನ್ನೂ ಹೊಲಿಯಲು ಮತ್ತೊಂದು. ಆ ಊರಿನಲ್ಲೊಂದು ಸ್ಟೇಷನ್ ಇದೆ, ನಿಂತಿರುವುದು ಸ್ವಿಟ್ಜರ್ಲೆಂಡಿನ ನೆಲದ ಮೇಲೆ, ನಡೆಸುವುದು ಜರ್ಮನಿಯ ರೈಲ್ವೆ. ಅದನ್ನು ಓದಿದ ದಿನ ಇಬ್ಬರೂ ನಕ್ಷೆಯನ್ನು ಇನ್ನಷ್ಟು ಹಿಗ್ಗಿಸಿ ನೋಡಿದೆವು. ಒಂದು ದೇಶ ತನ್ನ ಅಂಗಳದಲ್ಲಿ ಇನ್ನೊಂದು ದೇಶದ ರೈಲನ್ನು ಕಟ್ಟಿಕೊಳ್ಳಲು ಬಿಟ್ಟಿದೆ, ಪಕ್ಕದ ಮನೆಯವರು ಹಸು ಕಟ್ಟಿಕೊಂಡ ಹಾಗೆ!

"ಡಬ್ಯಾಗ ಮಟನ್ ಒಯ್ದ್ರ ನಡೀತದೇನ್ರಿ ಅಕ್ಕಾ?"

"ತಿಂದ್ಕೊಂಡೇ ಹೋಗು. ಹೊಟ್ಟೆಯೊಳಗಿರೋದನ್ನ ಯಾವ ನಾಯೀನೂ ಮೂಸಲ್ಲ."

ನಮ್ಮಲ್ಲಿ ಸೀಮೋಲ್ಲಂಘನ ಎಂಬುದೊಂದಿದೆ. ವಿಜಯದಶಮಿಯ ದಿನ ಊರಿನ ಎಲ್ಲೆ ದಾಟಿ ಬನ್ನಿಮರದವರೆಗೆ ಹೋಗಿ ಬರುವುದು. ನಮ್ಮೂರಿನ ಮಹಾರಾಜರಿಗೆ ಅಷ್ಟು ದೂರ ಹೋಗಲು ಆನೆ, ಕುದುರೆ, ವಾದ್ಯ ಎಲ್ಲ ಬೇಕಾಗಿತ್ತು, ಅದೂ ವರ್ಷಕ್ಕೊಂದೇ ಸಲ. ಎಲ್ಲೆ ದಾಟುವುದು ಹಬ್ಬ ಮಾಡುವಷ್ಟು ದೊಡ್ಡ ಸಂಗತಿ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ನಸ್ರೀನ್ ಅದನ್ನು ಮಾಸಿಕ ಪಾಸಿನಲ್ಲಿ ಮಾಡಲು ಹೊರಟಿದ್ದಳು. ಹೊರಡುವ ದಿನ ಬನ್ನಿ ಕೊಡೋಣವೆಂದರೆ ಇಲ್ಲಿ ಬನ್ನಿಮರವೆಲ್ಲಿ? ನಮ್ಮ ಬೇಲಿಯ ಯಾವುದೋ ಗಿಡದ ಎರಡು ಎಲೆ ಕಿತ್ತುಕೊಟ್ಟೆ. "ಬಂಗಾರದಂಗ ಇರೂಣ್ರಿ ಅಕ್ಕಾ" ಎಂದು ತಗೊಂಡಳು. ವಿಮಾನ ನಿಲ್ದಾಣದ ನಾಯಿಗೆ ಹೆದರಿ ಅಲ್ಲೇ ಎಸೆದಳೋ ಏನೋ, ಕೇಳಲಿಲ್ಲ.

ಅವಳ ಫೋನ್ ಬಂದದ್ದು ನಾನು ರೈಲಿನಲ್ಲಿದ್ದಾಗ. ನನ್ನ ಬೆಳಗು, ಅವಳ ಹಿಂದಿನ ದಿನದ ಸಂಜೆ. ನಿನ್ನೆಯಲ್ಲಿ ಕೂತವಳು ಇವತ್ತಿನವಳಿಗೆ ತನ್ನ ಮೊದಲ ದಿನದ ಕಥೆ ಹೇಳಿದಳು. ಅಕ್ಕನ ಊರಿನಲ್ಲಿ ರೈಲು ಹತ್ತಿದ್ದಾಳೆ. ಪಾಸ್‌ಪೋರ್ಟಿನ ವೀಸಾ ಪುಟ ತೆರೆದು ಮಡಿಲಲ್ಲಿಟ್ಟುಕೊಂಡು ಕಾದಿದ್ದಾಳೆ. ಯಾರೂ ಬರಲಿಲ್ಲ. ಒಬ್ಬ ಪೇಪರ್ ಓದುತ್ತಿದ್ದ, ಒಬ್ಬಳು ಬಾಳೆಹಣ್ಣು ತಿನ್ನುತ್ತಿದ್ದಳು, ಅಷ್ಟರಲ್ಲಿ ಬಾಸೆಲ್ ಬಂತು.

"ಇಳದ್ನಿ. ಒಂದ್ ಬಾಗಲಾ ಮುಚ್ಚಿತ್ರಿ, ಮುಂದ ಮೂರ್ ಮಂದಿ ಪಾಳಿ ಹಚ್ಚಿ ನಿಂತಿದ್ರು. ಇದ ಇರಬೇಕಂತ ನಾನೂ ಪಾಸ್‌ಪೋರ್ಟ್ ಹಿಡ್ಕೊಂಡು ನಿಂತ್ನಿ. ಬಾಗಲಾ ತಗದ್ರ ಟಾಯ್ಲೆಟ್ಟರಿ ಅಕ್ಕಾ!"

ನಾನು ಜೋರಾಗಿ ನಕ್ಕೆ. ಎದುರು ಸೀಟಿನವರು ತಲೆಯೆತ್ತಿ ನೋಡಿದರು. ಅವಳನ್ನು ಆಡಿಕೊಂಡು ನಕ್ಕದ್ದಲ್ಲ. ಆ ಪಾಳಿಯಲ್ಲಿ ನಾನಿದ್ದಿದ್ದರೆ ಚಟ್ನಿಪುಡಿಯನ್ನೂ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದೆ.

"ಗಡಿ ಎಲ್ಲಿ ಬಂತು ಹಾಗಾದ್ರೆ?" ಎಂದೆ.

"ಅದನ್ನ ನೋಡೂದ ಆಗವಲ್ದ್ರಿ. ದಿನಾ ನೋಡ್ಬೇಕಂತ ಕುಂದರ್ತೀನಿ, ದಾಟಿ ಹೋಗಿರ್ತದ."

"ಟಿಕೆಟ್? ಟಿಕೆಟ್ ಯಾವುದು ತಗೊಂಡೆ?"

ಅವಳ ಹಿಂದಿನಿಂದ ಒಂದು ಹೆಂಗಸಿನ ದನಿ, ಅವರ ಮನೆಮಾತಿನ ಉರ್ದುವಿನಲ್ಲಿ, ಊಟ ಆರುತ್ತಿದೆ ಎಂದು ಕೂಗಿತು. ಎರಡು ಸಲ ವೀಸಾ ಸಿಗದ ಆ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. "ಅಕ್ಕ ಕರಿಯಾಕತ್ಯಾಳ, ಇಡ್ತೀನ್ರಿ ಅಕ್ಕಾ" ಎಂದು ನಸ್ರೀನ್ ಇಟ್ಟುಬಿಟ್ಟಳು. ಒಂದೇ ವಾಕ್ಯದಲ್ಲಿ ಇಬ್ಬರು ಅಕ್ಕಂದಿರು. ಯಾರ ಕಡೆ ಎದ್ದು ಹೋಗಬೇಕೆಂಬ ಅನುಮಾನ ಅವಳಿಗಿರಲಿಲ್ಲ.

ಪೆಟೋನೆ ದಾಟಿತ್ತು. ಎಡಗಡೆ ಸಮುದ್ರವಿತ್ತು, ಅಥವಾ ಈಗ ನಾನು ಅಲ್ಲಿ ಇಡುತ್ತಿದ್ದೇನೆ. ಮೊದಲ ದಿನದ ಕಥೆ ಹೇಳುತ್ತಿದ್ದವಳು 'ದಿನಾ' ಎಂದದ್ದು ಹೇಗೆ? ಎರಡು ಫೋನುಗಳನ್ನು ನಾನು ಒಂದಾಗಿ ಹೊಲಿದಿರಬಹುದು. ಮೂರು ಮಂದಿಯ ಪಾಳಿಯಲ್ಲಿ ಒಂದಿಬ್ಬರನ್ನು ನಾನೇ ಸೇರಿಸಿರಲೂಬಹುದು. ಗಾರ್ಡ್ ಬಂದ, ಟಿಕೆಟ್ ಕೊಟ್ಟೆ, ತೂತು ಬಿತ್ತು.

ಆಮೇಲೂ ನಾವು ಎಷ್ಟೋ ಸಲ ಮಾತಾಡಿದ್ದೇವೆ. ಗಂಡ ಹೋದ ಮೇಲೆ ಬಿಟ್ಟಿದ್ದ ತೋಟದ ಕೆಲಸವನ್ನು ಅವಳಕ್ಕ ಮತ್ತೆ ಶುರುಮಾಡಿದ್ದು, ಇಬ್ಬರೂ ಉಪ್ಪಿಗಾಗಿ ಜಗಳವಾಡಿದ್ದು ಎಲ್ಲ ಕೇಳಿದ್ದೇನೆ. ಟಿಕೆಟ್ಟಿನ ವಿಷಯ ಮಾತ್ರ ಪ್ರತಿಸಲ ಮರೆತುಹೋಗುತ್ತದೆ. ಅವಳು ತಗೊಂಡದ್ದು ಯಾವ ದೇಶದ್ದು, ಒಂದೋ ಎರಡೋ, ನನಗೆ ಇವತ್ತಿಗೂ ಗೊತ್ತಿಲ್ಲ.